ಗೋಡೆಯ ಮೇಲಿನ ಸಾವಿತ್ರಮ್ಮ ನಮಗೆ ಏನನ್ನೂ ಹೇಳುತ್ತಿಲ್ಲ

ಈಳಿಗೆಮಣೆ · ಸೋಮವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಹತ್ತಿರ ಒಂಬತ್ತು ಜನ ಸೇರಿ ಒಂದು ಸಣ್ಣ ಕಾರ್ಖಾನೆ ನಡೆಸುತ್ತಿದ್ದೇವೆ. ಸ್ಟೀಲಿನ ಅಡುಗೆ ಸಾಮಾನು ನಮ್ಮ ಕಸುಬು. ಈ ವರ್ಷ ಈಳಿಗೆ ಮಣೆಗೆ ಹೊಸ ರೂಪ ಕೊಡಲು ಹೊರಟಿದ್ದೇವೆ. ಕೆಳಗೆ ಮಣೆ, ಅದರ ಮೇಲೆ ಬಾಗಿದ ಅಲಗು, ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ಅಜ್ಜಿಯರ ಕಾಲದ ಈ ವಸ್ತುವನ್ನು ಈಗಿನ ಅಡುಗೆಮನೆಗೆ ಹೇಗೆ ತರುವುದು ಎಂಬುದು ನಮ್ಮ ಪ್ರಶ್ನೆ.

ಸಲಹೆಗಾರರೊಬ್ಬರನ್ನು ಕರೆಸಿ ಎರಡು ದಿನ ತರಬೇತಿ ಪಡೆದೆವು. ಅವರು ಪರ್ಸೋನಾ ಎಂಬ ವಿಧಾನ ಹೇಳಿಕೊಟ್ಟರು. ವಸ್ತುವನ್ನು ಬಳಸುವವರ ಪೈಕಿ ಒಬ್ಬರನ್ನು ಕಲ್ಪಿಸಿಕೊಳ್ಳಬೇಕು, ಹೆಸರಿಡಬೇಕು, ವಯಸ್ಸು, ಮನೆ, ಅಭ್ಯಾಸ, ಕಷ್ಟ ಎಲ್ಲವನ್ನೂ ಬರೆದು ಕಣ್ಣೆದುರು ಇಟ್ಟುಕೊಳ್ಳಬೇಕು. ಆಗ ಹೊಸ ಆಲೋಚನೆಗಳು ತಾವಾಗಿ ಬರುತ್ತವೆ ಎಂದರು. ನಾವು ಮೂವರನ್ನು ಮಾಡಿದೆವು. ಮುಖ್ಯವಾದವರು ಸಾವಿತ್ರಮ್ಮ. 58 ವರ್ಷ, ಗೃಹಿಣಿ, ಮಂಡಿನೋವು, ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಕೆಳಗೆ ಇಂಗ್ಲಿಷಿನಲ್ಲಿ ಅವರ ಮಾತು: ಸುರಕ್ಷಿತವಾದ, ಸುಲಭವಾಗಿ ತೊಳೆಯಬಹುದಾದ ಸಾಧನ ನನಗೆ ಬೇಕು. ಅಂತರ್ಜಾಲದಲ್ಲಿ ಸಿಕ್ಕ ನಗುಮುಖದ ಚಿತ್ರ ಹಾಕಿ, ದೊಡ್ಡದಾಗಿ ಮುದ್ರಿಸಿ ಲೇತ್ ಯಂತ್ರದ ಪಕ್ಕದ ಗೋಡೆಗೆ ಅಂಟಿಸಿದೆವು.

ಆರು ವಾರ ಕಳೆದಿದೆ. ಬಂದ ಆಲೋಚನೆಗಳು ಮೂರು: ಮಡಚುವ ಅಲಗು, ಅಲಗಿಗೆ ಪ್ಲಾಸ್ಟಿಕ್ ಕವಚ, ಮಣೆಗೆ ಬಣ್ಣ. ಮೂರೂ ಈಗಾಗಲೇ ಅಂಗಡಿಗಳಲ್ಲಿವೆ. ತಪ್ಪು ವಿಧಾನದ್ದೋ, ನಾವು ಅದನ್ನು ಬಳಸಿದ ರೀತಿಯದ್ದೋ? ಬಲ್ಲವರು ಹೇಳಬೇಕು.

ಹಳೆಯ ಪೆನ್ಸಿಲ್ · ಸೋಮವಾರ ಮಧ್ಯಾಹ್ನ

ಹದಿನೆಂಟು ವರ್ಷಗಳಿಂದ ಬೆಂಗಳೂರಿನಲ್ಲಿ ಉತ್ಪನ್ನ ವಿನ್ಯಾಸ ಮಾಡುತ್ತಿದ್ದೇನೆ. ನಿಮ್ಮ ಸಾವಿತ್ರಮ್ಮನವರನ್ನು ಓದಿದೆ. ಅವರು ಯಾವುದಕ್ಕೂ ಬೇಡ ಎನ್ನುವುದಿಲ್ಲ. ಮಡಚುವ ಅಲಗು ತೋರಿಸಿದರೂ ಸರಿ ಎನ್ನುತ್ತಾರೆ, ನೀಲಿ ಬಣ್ಣ ತೋರಿಸಿದರೂ ಸರಿ ಎನ್ನುತ್ತಾರೆ. ತೊಂದರೆ ಇರುವುದು ಅಲ್ಲಿಯೇ.

ಈ ವಿಧಾನ ಹುಟ್ಟಿದ ಬಗೆಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ತರಬೇತಿಗಳಲ್ಲಿ ಅದನ್ನು ಬಿಟ್ಟು ಬರೀ ನಮೂನೆಯ ಕಾಗದವನ್ನು ಹಂಚುತ್ತಾರೆ. ಅಮೆರಿಕದ ಅಲನ್ ಕೂಪರ್ 1983ರಲ್ಲಿ ಯೋಜನಾ ನಿರ್ವಹಣೆಯ ಒಂದು ತಂತ್ರಾಂಶ ಬರೆಯುತ್ತಿದ್ದರು. ಮೊದಲು ಕೆಲವರನ್ನು ಕಂಡು ಮಾತನಾಡಿದರು. ಅವರಲ್ಲಿ ಕ್ಯಾಥಿ ಎಂಬವರು ಜಾಹೀರಾತು ಸಂಸ್ಥೆಯೊಂದರಲ್ಲಿ ಯಾರಿಗೆ ಯಾವ ಕೆಲಸ, ಯಾವಾಗ ಎಂದು ಹೊಂದಿಸುವ ಹೊಣೆ ಹೊತ್ತಿದ್ದರು. ಆಗಿನ ಕಂಪ್ಯೂಟರುಗಳು ನಿಧಾನ. ಬರೆದ ಕೋಡ್ ಕಂಪೈಲ್ ಆಗುವವರೆಗೆ, ಅಂದರೆ ಅದನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ಕಂಪ್ಯೂಟರ್ ತರುವವರೆಗೆ, ಕೂಪರ್ ಮನೆಯ ಹತ್ತಿರದ ಗಾಲ್ಫ್ ಮೈದಾನದಲ್ಲಿ ಅಡ್ಡಾಡುತ್ತ, ತಾವೇ ಕ್ಯಾಥಿಯಂಥ ಒಬ್ಬ ಮೇಲ್ವಿಚಾರಕರಾಗಿ, ಈ ತಂತ್ರಾಂಶದಿಂದ ನನಗೆ ಏನಾಗಬೇಕು ಎಂದು ಗಟ್ಟಿಯಾಗಿ ಮಾತನಾಡಿಕೊಳ್ಳುತ್ತಿದ್ದರು. ಏನು ಬೇಕು, ಏನು ಬೇಡ ಎಂಬುದು ಆ ನಡಿಗೆಯಲ್ಲಿ ತಿಳಿಯಾಗುತ್ತಿತ್ತಂತೆ. ಪರ್ಸೋನಾ ಎಂಬ ಹೆಸರಿನಲ್ಲಿ ಇದು ಪುಸ್ತಕಕ್ಕೆ ಬಂದದ್ದು 1990ರ ದಶಕದ ಕೊನೆಗೆ.

ಗಮನಿಸಿ, ಗೋಡೆಯ ಕಾಗದ ಅಲ್ಲಿ ಇಲ್ಲವೇ ಇಲ್ಲ. ಇದ್ದದ್ದು ಒಬ್ಬ ನಿಜವಾದ ಮನುಷ್ಯರ ಭೇಟಿ, ಆಮೇಲೆ ಅವರ ಬಾಯಿಂದ ಮಾತನಾಡುವ ಪ್ರಯತ್ನ.

ಕೂಪರ್ ಇನ್ನೊಂದು ಮಾತು ಹೇಳುತ್ತಿದ್ದರು. ಬಳಕೆದಾರ ಎಂಬ ಪದ ರಬ್ಬರಿನಂತೆ. ಮಾಡುವವರಿಗೆ ಅನುಕೂಲವಾಗುವಂತೆ ಅದನ್ನು ಎಳೆಯುತ್ತಾರೆ. ಅದಕ್ಕಾಗಿ ಒಬ್ಬರಿಗೆಂದೇ ಮಾಡಿ ಎಂದರು. ಗಾಲಿ ಸೂಟ್‌ಕೇಸನ್ನು ಉದಾಹರಣೆಗೆ ಕೊಟ್ಟರು. ಇಂದು ನಾವೆಲ್ಲ ಎಳೆದುಕೊಂಡು ಹೋಗುವ, ಉದ್ದ ಹಿಡಿಕೆಯ, ನಿಲ್ಲಿಸಿ ಎಳೆಯುವ ಪೆಟ್ಟಿಗೆಯನ್ನು 1987ರಲ್ಲಿ ರೂಪಿಸಿದವರು ರಾಬರ್ಟ್ ಪ್ಲಾತ್ ಎಂಬ ವಿಮಾನ ಚಾಲಕರು. ಅದು ವಿಮಾನ ಸಿಬ್ಬಂದಿಗಾಗಿ ಆದದ್ದು. ಅವರ ಕೈಯಲ್ಲಿ ನೋಡಿದ ಪ್ರಯಾಣಿಕರು ತಮಗೂ ಬೇಕು ಎಂದರು. ಎಲ್ಲರಿಗಾಗಿ ಎಂದು ಹೊರಟಿದ್ದರೆ ಆ ಹಿಡಿಕೆ, ಆ ಅಗಲ ಹೊಳೆಯುತ್ತಿತ್ತೋ ಇಲ್ಲವೋ.

ಸರಾಸರಿ ಬೇಡ · ಸೋಮವಾರ ಸಂಜೆ

ನನ್ನ ಅಭಿಪ್ರಾಯ ಬೇರೆ. ಸಂಖ್ಯಾಶಾಸ್ತ್ರ ಪಾಠ ಮಾಡುವವನು ನಾನು. ಪರ್ಸೋನಾದ ಮೇಲೆ ನನಗೆ ನಂಬಿಕೆ ಇಲ್ಲ.

58 ವರ್ಷದ ಗೃಹಿಣಿಯರು ಸಾಕಷ್ಟು ಜನ ಇದ್ದಾರೆ. ಅವರಲ್ಲಿ ಮಂಡಿನೋವು ಇರುವವರು ಅದಕ್ಕಿಂತ ಕಡಿಮೆ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ಇರುವವರು ಇನ್ನೂ ಕಡಿಮೆ. ನೀವು ಸೇರಿಸುವ ಪ್ರತಿಯೊಂದು ವಿವರವೂ ನಿಜವಾದ ಜನರನ್ನು ಹೊರಗೆ ಹಾಕುತ್ತದೆ. ಕೊನೆಗೆ ಉಳಿಯುವವರು ಎಷ್ಟು ಮಂದಿ ಎಂದು ಯಾರೂ ಎಣಿಸುವುದಿಲ್ಲ. ಚಿತ್ರ ಸ್ಪಷ್ಟವಾದಷ್ಟೂ ಅದು ಸತ್ಯ ಎಂಬ ಭ್ರಮೆ ಹೆಚ್ಚುತ್ತದೆ.

ವಿವರಗಳನ್ನು ಸರಾಸರಿಯಿಂದ ತೆಗೆದಿದ್ದರೆ ಇನ್ನೂ ಅಪಾಯ. 1950ರಲ್ಲಿ ಅಮೆರಿಕದ ವಾಯುಪಡೆ 4,063 ವಿಮಾನ ಚಾಲಕರ ದೇಹದ ಅಳತೆ ತೆಗೆಯಿತು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವಕ ಅದರಲ್ಲಿ 10 ಅಳತೆಗಳನ್ನು ಆರಿಸಿಕೊಂಡು, ಹತ್ತರಲ್ಲೂ ಸರಾಸರಿಯ ಆಸುಪಾಸಿನಲ್ಲಿ ಇರುವವರು ಎಷ್ಟು ಎಂದು ನೋಡಿದರು. ಒಬ್ಬರೂ ಇರಲಿಲ್ಲ. ಸರಾಸರಿ ಚಾಲಕನಿಗೆಂದು ಮಾಡಿದ ಆಸನ ಯಾರಿಗೂ ಹೊಂದುವಂಥದ್ದಾಗಿರಲಿಲ್ಲ. ಹಿಂದೆ ಮುಂದೆ ಸರಿಸಬಹುದಾದ ಆಸನಗಳ ಕಡೆಗೆ ವಾಯುಪಡೆ ತಿರುಗಿದ್ದಕ್ಕೆ ಈ ಲೆಕ್ಕವೂ ಕಾರಣ.

ಆದ್ದರಿಂದ ಸಾವಿತ್ರಮ್ಮನನ್ನು ಗೋಡೆಯಿಂದ ಇಳಿಸಿ. ನಾಲ್ಕು ಮನೆಗೆ ಹೋಗಿ ಬನ್ನಿ.

ಹಳೆಯ ಪೆನ್ಸಿಲ್ · ಸೋಮವಾರ ರಾತ್ರಿ

ನಾಲ್ಕು ಮನೆಗೆ ಹೋಗಬೇಕೆಂಬುದರಲ್ಲಿ ನನಗೂ ಎರಡು ಮಾತಿಲ್ಲ. ಆದರೆ ಹೋಗಿ ಬಂದವರು ಇಬ್ಬರು, ಕೆಲಸ ಮಾಡುವವರು ಒಂಬತ್ತು ಜನ. ಕಂಡದ್ದನ್ನು ಉಳಿದ ಏಳು ಜನರ ತಲೆಗೆ ದಾಟಿಸುವುದು ಹೇಗೆ? ಅದಕ್ಕೇ ಪರ್ಸೋನಾ. ಮೈಕ್ರೋಸಾಫ್ಟ್‌ನಲ್ಲಿ ಈ ಕೆಲಸ ಮಾಡಿದ ಪ್ರುಯಿಟ್ ಮತ್ತು ಗ್ರೂಡಿನ್ 2003ರಲ್ಲಿ ಬರೆದ ಪ್ರಬಂಧದಲ್ಲಿ, ಪರ್ಸೋನಾದ ಹಿಂದೆ ಒಂದು ಮೂಲ ಕಡತ ಇಡುತ್ತಿದ್ದುದನ್ನು ಹೇಳಿದ್ದಾರೆ. ಯಾವ ಗುಣ ಯಾವ ಸಂಶೋಧನೆಯಿಂದ ಬಂತು ಎಂದು ಅದರಲ್ಲಿ ನೋಡಬಹುದಿತ್ತು. ಈಳಿಗೆಮಣೆಯವರೇ, ಮಂಡಿನೋವು ಎಂದು ಬರೆದಿರಿ. ಯಾರ ಮಂಡಿ?

ಈಳಿಗೆಮಣೆ · ಮಂಗಳವಾರ ಬೆಳಿಗ್ಗೆ

ಯಾರ ಮಂಡಿಯೂ ಅಲ್ಲ. ಆ ವಯಸ್ಸಿಗೆ ಇರುತ್ತದೆ ಎಂದು ಬರೆದೆವು. ಯಾರ ಮನೆಗೂ ಹೋಗಿರಲಿಲ್ಲ.

ಒಗ್ಗರಣೆ · ಮಂಗಳವಾರ ಮಧ್ಯಾಹ್ನ

ವಿನ್ಯಾಸ ನನಗೆ ಗೊತ್ತಿಲ್ಲ. ಈಳಿಗೆ ಮಣೆ ಗೊತ್ತು. ಶಿರಸಿಯ ಕಡೆಯವಳು, ಮದುವೆಯಾಗಿ ಶಿವಮೊಗ್ಗಕ್ಕೆ ಬಂದು ಮೂವತ್ತು ವರ್ಷವಾಯಿತು. ಸಣ್ಣಪುಟ್ಟ ಸಮಾರಂಭಗಳಿಗೆ ಅಡುಗೆ ಮಾಡಿಕೊಡುತ್ತೇನೆ. ನಿಮ್ಮ ಮಾತುಗಳನ್ನು ಓದಿ ಬರೆಯದೆ ಇರಲು ಆಗಲಿಲ್ಲ.

ಮೊದಲನೆಯದು, ನಮ್ಮ ಕಡೆ ಅದಕ್ಕೆ ಮೆಟ್ಟುಗತ್ತಿ ಎನ್ನುತ್ತೇವೆ. ಕಾಲಿನಲ್ಲಿ ಮೆಟ್ಟಿ ಹಿಡಿಯುವ ಕತ್ತಿ. ಒಂದು ಮಂಡಿ ಮಡಚಿ, ಇನ್ನೊಂದನ್ನು ಎತ್ತಿ ಕೂತು, ಪಾದವನ್ನು ಮಣೆಯ ಮೇಲೆ ಊರಿದರೆ ಕತ್ತಿ ಅಲ್ಲಾಡುವುದಿಲ್ಲ. ಎರಡೂ ಕೈ ಬಿಡುವಾಗಿರುತ್ತವೆ. ಚಾಕುವಿನಲ್ಲಿ ಒಂದು ಕೈ ಕತ್ತಿಗೇ ಹೋಗಿಬಿಡುತ್ತದೆ. ಹಲಸಿನಕಾಯಿ, ಬಾಳೆದಿಂಡು, ಸುವರ್ಣಗಡ್ಡೆಗಳನ್ನು ಎರಡು ಕೈಯಲ್ಲಿ ಹಿಡಿದು ಅಲಗಿಗೆ ಒತ್ತುವ ಸುಖ ಚಾಕುವಿನಲ್ಲಿ ಇಲ್ಲ.

ಮಂಡಿನೋವು ನಿಜ. ನನಗೂ ಇದೆ, ನನ್ನ ಅತ್ತೆಗೂ ಇತ್ತು. ಹಾಗೆಂದು ನಾವು ಈಳಿಗೆಯನ್ನು ಬಿಡಲಿಲ್ಲ. ಅಡುಗೆ ಕಟ್ಟೆಯ ಮೇಲೆ ಏರಿಸಿದೆವು, ನಿಂತು ಹೆಚ್ಚುತ್ತೇವೆ. ನಮ್ಮ ಬೀದಿಯಲ್ಲಿ ಇನ್ನೂ ಮೂರು ಮನೆಗಳಲ್ಲಿ ಹೀಗೆಯೇ ಮಾಡುತ್ತಾರೆ. ಆದರೆ ಕಟ್ಟೆಯ ಮೇಲೆ ಮೆಟ್ಟುವ ಕಾಲು ಎಲ್ಲಿದೆ? ಕುಂಬಳಕಾಯಿಯನ್ನು ಅಲಗಿಗೆ ಒತ್ತಿದರೆ ಮಣೆ ಗೋಡೆಯ ಕಡೆಗೆ ಜಾರುತ್ತದೆ, ಹಿಂಭಾಗ ಮೇಲೆ ಏಳುತ್ತದೆ. ನಾನು ಕೆಳಗೆ ಒದ್ದೆ ಬಟ್ಟೆ ಹಾಸುತ್ತೇನೆ. ಎದುರುಮನೆಯವರು ಮಣೆಯ ಮೇಲೆ ಅಕ್ಕಿಯ ಡಬ್ಬ ಹೇರುತ್ತಾರೆ. ಕಾಯಿ ತುರಿಯುವಾಗ ಅದೂ ಸಾಲದು, ಹೊಟ್ಟೆಯನ್ನು ಕಟ್ಟೆಗೆ ಒತ್ತಿ, ಎಡ ಮೊಣಕೈಯಿಂದ ಮಣೆಯನ್ನು ಅದುಮಿ ಹಿಡಿಯಬೇಕು.

ಮಡಚುವ ಅಲಗು ನನಗೆ ಬೇಡ. ಕೀಲಿನಲ್ಲಿ ಹಲಸಿನ ಮೇಣ ಸಿಕ್ಕಿಕೊಂಡರೆ ಎಣ್ಣೆ ಹಚ್ಚಿ ಬಿಡಿಸುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಸುರಕ್ಷಿತ ಸಾಧನ ಬೇಕು ಎಂದು ನಾನು ಯಾವತ್ತೂ ಹೇಳಿಲ್ಲ. ನಾನು ಹೇಳುವುದು, ಇದು ಅಲ್ಲಾಡದೆ ನಿಂತರೆ ಸಾಕು.

ಈಳಿಗೆಮಣೆ · ಮಂಗಳವಾರ ಮಧ್ಯಾಹ್ನ

ಅಕ್ಕ, ನಿಮ್ಮ ಬರಹವನ್ನು ಊಟದ ಹೊತ್ತಿಗೆ ಎಲ್ಲರಿಗೂ ಓದಿ ಹೇಳಿದೆ. ಆರು ವಾರ ನಾವು ಅಲಗನ್ನೇ ನೋಡುತ್ತ ಕುಳಿತಿದ್ದೆವು. ಕಾಲನ್ನು ಯಾರೂ ನೋಡಿರಲಿಲ್ಲ.

ಚಕ್ರತಾಳ · ಮಂಗಳವಾರ ರಾತ್ರಿ

ಕೂಪರ್ ಮೈದಾನದಲ್ಲಿ ಅಡ್ಡಾಡುತ್ತ ಪಾತ್ರವಾಗಿ ಮಾತನಾಡಿದ್ದನ್ನು ಓದಿದಾಗ, ಇದು ನಮ್ಮ ತಾಳಮದ್ದಳೆಯಲ್ಲವೇ ಎನ್ನಿಸಿತು. ನಾನು ಹಗಲು ಎಂಜಿನಿಯರ್, ಬಿಡುವಿನಲ್ಲಿ ಅರ್ಥ ಹೇಳುವವನು. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದರಿಂದ ನನ್ನ ಕೆಲಸಕ್ಕೆ ನಿಜವಾಗಿಯೂ ಉಪಯೋಗವಾಗಿದೆ.

ತಾಳಮದ್ದಳೆ ಯಕ್ಷಗಾನದ ಮಾತಿನ ರೂಪ, ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಾತ್ರವಾಗಿ ಮಾತನಾಡುವ ಅರ್ಥಧಾರಿಗಳು ಎದುರುಬದುರು ಕೂರುತ್ತಾರೆ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಆಮೇಲೆ ಕರ್ಣನೋ, ಕೃಷ್ಣನೋ ಆಗಿ ಅಲ್ಲಿಯೇ ಹುಟ್ಟಿದ ಮಾತಿನಲ್ಲಿ ವಾದ ಹೂಡಬೇಕು. ಬರೆದಿಟ್ಟ ಸಂಭಾಷಣೆ ಇಲ್ಲ. ಆದರೆ ಮನಸ್ಸಿಗೆ ಬಂದದ್ದನ್ನು ಹೇಳುವ ಸ್ವಾತಂತ್ರ್ಯವೂ ಇಲ್ಲ. ಪದ್ಯ ಹಾಕಿದ ಗೆರೆಯೊಳಗೆ ಇರಬೇಕು. ಕರ್ಣನನ್ನು ಪಾಂಡವರ ಕಡೆಗೆ ಕಳುಹಿಸುವಂತಿಲ್ಲ. ಆ ಗೆರೆ ಇರುವುದರಿಂದಲೇ ಮಾತಿಗೆ ಕಸುವು ಬರುತ್ತದೆ. ಒಂದೇ ಪದ್ಯಕ್ಕೆ ಇಬ್ಬರು ಅರ್ಥಧಾರಿಗಳು ಎರಡು ಲೋಕ ಕಟ್ಟುವುದನ್ನು ನಾನು ಎಷ್ಟೋ ರಾತ್ರಿ ಕೇಳಿದ್ದೇನೆ.

ಪರ್ಸೋನಾ ಅಂದರೆ ಪ್ರಸಂಗದ ಪದ್ಯ ಎಂದು ತಿಳಿಯಿರಿ. ಒದ್ದೆ ಬಟ್ಟೆ, ಅಕ್ಕಿ ಡಬ್ಬ, ಹಲಸಿನ ಮೇಣ, ಮೊಣಕೈ. ಇವಿಷ್ಟು ಬದಲಾಗುವಂತಿಲ್ಲ, ಕಣ್ಣಾರೆ ಕಂಡವರು ಹೇಳಿದ್ದು. ಮಕ್ಕಳು ಎಲ್ಲಿದ್ದಾರೆ ಎಂಬುದು ಪದ್ಯದಲ್ಲಿ ಬೇಕಾಗಿಲ್ಲ. ಇನ್ನು ನಿಮ್ಮಲ್ಲಿ ಒಬ್ಬರು ಆ ತಾಯಿಯಾಗಿ ಕುಳಿತುಕೊಳ್ಳಿ, ಇನ್ನೊಬ್ಬರು ವಸ್ತು ಮಾಡುವವರಾಗಿ ಎದುರು ಕುಳಿತುಕೊಳ್ಳಿ. ಮಾಡುವವರು ಒಂದೊಂದೇ ಆಲೋಚನೆ ಮುಂದಿಡಲಿ. ತಾಯಿ ಪದ್ಯ ಬಿಡದೆ ಉತ್ತರ ಕೊಡಲಿ. ಎದುರಾಳಿ ಬಿಗಿಯಾಗಿದ್ದರೆ ಮಾತ್ರ ಅರ್ಥ ರಂಗೇರುತ್ತದೆ. ನಮ್ಮ ಕಚೇರಿಯಲ್ಲಿ ಹೀಗೆ ಒಂದು ತಾಸು ವಾದ ಮಾಡಿದಾಗ ಸಿಗುವಷ್ಟು ಹೊಸ ದಾರಿಗಳು, ಬಿಳಿ ಹಲಗೆಯ ಮುಂದೆ ಇಡೀ ದಿನ ನಿಂತರೂ ಸಿಕ್ಕಿಲ್ಲ.

ಸರಾಸರಿ ಬೇಡ · ಬುಧವಾರ ಬೆಳಿಗ್ಗೆ

ಪದ್ಯ ಮತ್ತು ಅರ್ಥ ಎಂಬ ಭೇದ ನನಗೆ ಹಿಡಿಸಿತು. ಒಂದು ಎಚ್ಚರಿಕೆ ಮಾತ್ರ. ಪದ್ಯ ನಿಜವಾಗಿದ್ದರೂ ಅರ್ಥ ತಪ್ಪಬಹುದು. ಮಳೆಯಲ್ಲಿ ನಾಲ್ಕು ಜನರ ಕುಟುಂಬ ಒಂದೇ ಸ್ಕೂಟರಿನಲ್ಲಿ ಹೋಗುವುದನ್ನು ರತನ್ ಟಾಟಾ ಕಣ್ಣಾರೆ ಕಂಡಿದ್ದರು. ಅದರಿಂದ ನ್ಯಾನೊ ಹುಟ್ಟಿತು. 2008ರಲ್ಲಿ ಅನಾವರಣವಾದಾಗ ಎಂಜಿನಿಯರಿಂಗ್ ದೃಷ್ಟಿಯಿಂದ ಅದು ದೊಡ್ಡ ಸಾಧನೆ. ಆದರೆ 2018ಕ್ಕೆ ತಯಾರಿಕೆ ನಿಂತಿತು. ಅತಿ ಅಗ್ಗದ ಕಾರು ಎಂಬ ಹಣೆಪಟ್ಟಿ ಹಾನಿ ಮಾಡಿತು ಎಂದು ರತನ್ ಟಾಟಾ ಅವರೇ ಮುಂದೆ ಹೇಳಿದರು. ಕಾರು ಕೊಳ್ಳುವುದೆಂದರೆ ಆ ಕುಟುಂಬಕ್ಕೆ ಮಳೆಯಿಂದ ಮರೆಯಷ್ಟೇ ಅಲ್ಲ, ನೆಂಟರ ಮನೆಯ ಮುಂದೆ ಇಳಿಯುವ ಹೆಮ್ಮೆಯೂ ಹೌದು.

ಹಳೆಯ ಪೆನ್ಸಿಲ್ · ಬುಧವಾರ ಬೆಳಿಗ್ಗೆ

ಒಪ್ಪಿದೆ. ಇದಕ್ಕೆ ಎದುರಾದ ಒಂದು ಉದಾಹರಣೆ ನಮ್ಮ ಊರಿನದೇ. ಬೆಂಗಳೂರಿನಲ್ಲಿ ಜಿಇ ಕಂಪನಿಯ ಎಂಜಿನಿಯರುಗಳು ರೂಪಿಸಿದ ಮ್ಯಾಕ್ 400 ಎಂಬ ಇಸಿಜಿ ಯಂತ್ರ. ಹಳ್ಳಿಯಿಂದ ಹಳ್ಳಿಗೆ ಹೋಗುವ, ಕರೆಂಟನ್ನು ನಂಬಿಕೊಳ್ಳಲಾಗದ ವೈದ್ಯರೇ ಅದರ ಬಳಕೆದಾರರು. ಆದ್ದರಿಂದ ಯಂತ್ರ ಚೀಲದಲ್ಲಿ ಹಿಡಿಯಬೇಕು, ಬ್ಯಾಟರಿಯಲ್ಲಿ ನಡೆಯಬೇಕು. ದೊಡ್ಡ ಪ್ರಿಂಟರ್ ಹೊರಲು ಆಗದು ಎಂದಾಗ ಟಿಕೆಟ್ ಕೊಡುವ ಪುಟ್ಟ ಯಂತ್ರಗಳ ಪ್ರಿಂಟರ್ ಅವರ ಕಣ್ಣಿಗೆ ಬಿತ್ತು. ಹಲವು ಗುಂಡಿಗಳು ನಾಲ್ಕಕ್ಕೆ ಇಳಿದವು. ಆಸ್ಪತ್ರೆಯ ಯಂತ್ರದ ಪಕ್ಕದಲ್ಲಿ ನಿಂತು ಯೋಚಿಸಿದವರಿಗೆ ಟಿಕೆಟ್ ಯಂತ್ರ ನೆನಪಾಗುವುದಿಲ್ಲ. ಚೀಲ ಹೊತ್ತವರ ಜೊತೆ ಮನಸ್ಸಿನಲ್ಲಿ ನಡೆದವರಿಗೆ ನೆನಪಾಗುತ್ತದೆ.

ಕೆಂಪುಶಾಯಿ · ಬುಧವಾರ ಸಂಜೆ

ನಾನು ಕರಡು ತಿದ್ದುವವಳು. ಭಾಷೆಯ ಬಗ್ಗೆ ಮಾತ್ರ ಹೇಳುತ್ತೇನೆ, ಆದರೆ ಇದು ಸಣ್ಣ ವಿಷಯವಲ್ಲ.

ಪರ್ಸೋನಾವನ್ನು ಇಂಗ್ಲಿಷಿನಲ್ಲಿ ಬರೆದಾಗ ನಮ್ಮ ಕಡೆಯ ಎರಡು ಸಂಗತಿಗಳು ಕಣ್ಣಿಗೆ ಬೀಳುವುದಿಲ್ಲ. ಒಂದು, ಕನ್ನಡದಲ್ಲಿ ಬರೆಯಲು ಕುಳಿತ ಕೂಡಲೇ ಅವಳು ಎನ್ನಬೇಕೋ ಅವರು ಎನ್ನಬೇಕೋ ಎಂದು ತೀರ್ಮಾನಿಸಬೇಕು. ಸಾವಿತ್ರಮ್ಮನವರಿಗೆ ಎಲ್ಲರೂ ಅವರು ಎಂದಿದ್ದೀರಿ. ಮನೆಗೆಲಸದವರು ಪರ್ಸೋನಾ ಆಗಿದ್ದರೆ? ನಾನು ತಿದ್ದಿದ ಒಂದು ದಸ್ತಾವೇಜಿನಲ್ಲಿ ಮನೆಯೊಡತಿ ಅವರು, ಅದೇ ಅಡುಗೆಮನೆಯಲ್ಲಿ ದಿನಕ್ಕೆ ಎರಡು ಹೊತ್ತು ತರಕಾರಿ ಹೆಚ್ಚುವ ಹೆಂಗಸು ಅವಳು. ವಸ್ತುವನ್ನು ಹೆಚ್ಚು ಬಳಸುವವರು ಎರಡನೆಯವರೇ. ಅವಳು ಎಂದು ಬರೆದ ಕಡೆಯಲ್ಲೆಲ್ಲ ಕಲಿಸಬೇಕು, ತಿಳಿಸಿಕೊಡಬೇಕು ಎಂಬ ಕ್ರಿಯಾಪದಗಳಿದ್ದವು. ಕೇಳಿಕೊಳ್ಳಬೇಕು ಎಂಬುದು ಒಂದು ಕಡೆಯೂ ಇರಲಿಲ್ಲ.

ಎರಡು, ಹೆಸರು. ನಮ್ಮಲ್ಲಿ ಹೆಸರು ಕೇಳಿದ ಕೂಡಲೇ ಊರು, ಜಾತಿ, ಮನೆಯಲ್ಲಿ ಏನು ಬೇಯುತ್ತದೆ ಎಂಬುದನ್ನೂ ಊಹಿಸಿಬಿಡುತ್ತೇವೆ. ನಿಮ್ಮ ಒಂಬತ್ತು ಜನರಲ್ಲಿ ಯಾರಾದರೂ ಸಾವಿತ್ರಮ್ಮನವರು ಮೀನು ಕೊಯ್ಯುತ್ತಾರೆಯೇ ಎಂದು ಕೇಳಿದ್ದರೇ? ಕರಾವಳಿಯಲ್ಲಿ ಜಾರುವ ಮೀನನ್ನು ಎರಡು ಕೈಯಲ್ಲಿ ಹಿಡಿದು ನಿಂತ ಅಲಗಿಗೆ ಒತ್ತಿ ಕೊಯ್ಯುವವರಿದ್ದಾರೆ. ಅವರ ಅಲಗು, ಅವರ ತೊಳೆಯುವ ಕ್ರಮ ಬೇರೆ. ಹೆಸರೊಂದೇ ಆ ಬಾಗಿಲನ್ನು ಮುಚ್ಚಿತು.

ಒಗ್ಗರಣೆಯವರ ಒದ್ದೆ ಬಟ್ಟೆಯ ಬಗ್ಗೆಯೂ ಹೇಳಬೇಕು. ಆಕ್ಸೊ ಎಂಬ ಅಮೆರಿಕದ ಕಂಪನಿಯ ದಪ್ಪ ಹಿಡಿಕೆಯ ಸಿಪ್ಪೆ ತೆಗೆಯುವ ಸಾಧನ 1990ರಲ್ಲಿ ಬಂತು. ಸ್ಯಾಮ್ ಫಾರ್ಬರ್ ಎಂಬವರು ಸಂಧಿವಾತವಿದ್ದ ಹೆಂಡತಿ ಬೆಟ್ಸಿಗಾಗಿ ಅದನ್ನು ಮಾಡಿಸಿದರು ಎಂಬ ಕಥೆಯನ್ನು ವಿನ್ಯಾಸ ಶಾಲೆಗಳಲ್ಲಿ ಹೇಳುತ್ತಾರೆ. ಬೆಟ್ಸಿ ವಾಸ್ತುಶಿಲ್ಪ ಕಲಿತವರು. ಹಿಡಿಕೆ ಕೈಗೆ ಹಿತವಾಗಿರಬೇಕೆಂಬ ಕಲ್ಪನೆ ತನ್ನದೇ ಎಂದು ಅವರು ಮುಂದೆ ಹೇಳಿಕೊಂಡರು. ಕಥೆಯಲ್ಲಿ ಅವರ ನೋವು ಉಳಿಯಿತು, ಬುದ್ಧಿ ಉಳಿಯಲಿಲ್ಲ. ನಿಮ್ಮ ಕಾಗದದಲ್ಲಿ ಕಷ್ಟಗಳು ಎಂಬ ಕಲಮಿನ ಜೊತೆಗೆ, ಅವರು ಈಗಾಗಲೇ ಮಾಡಿಕೊಂಡಿರುವ ಉಪಾಯಗಳು ಎಂಬ ಕಲಮೂ ಇರಲಿ. ನನ್ನನ್ನು ಕೇಳಿದರೆ ಅದೇ ಮೊದಲು ಇರಬೇಕು.

ಈಳಿಗೆಮಣೆ · ಐದು ವಾರಗಳ ನಂತರ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಹನ್ನೊಂದು ಮನೆಗಳಿಗೆ ಹೋಗಿ ಬಂದೆವು. ದಾವಣಗೆರೆ, ಹರಿಹರ, ಶಿವಮೊಗ್ಗ, ಕುಂದಾಪುರ. ಕುಂದಾಪುರದಲ್ಲಿ ಎರಡು ಮನೆಗಳಲ್ಲಿ ಮೀನು ಕೊಯ್ಯುವುದನ್ನು ನೋಡಿದೆವು. ಅದಕ್ಕೆ ಬೇರೆಯೇ ಮಣೆ ಬೇಕು ಎಂದು ತಿಳಿಯಿತು. ಅದನ್ನು ಸದ್ಯಕ್ಕೆ ಬದಿಗಿಟ್ಟಿದ್ದೇವೆ, ಮರೆತಿಲ್ಲ.

ಗೋಡೆಯ ಕಾಗದ ತೆಗೆದಿದ್ದೇವೆ. ಈಗ ಇರುವುದು ಅರ್ಧ ಪುಟ, ಕನ್ನಡದಲ್ಲಿ. ಹೆಸರು ಇಟ್ಟಿಲ್ಲ, ನಿಂತು ಹೆಚ್ಚುವವರು ಎಂದು ಕರೆಯುತ್ತೇವೆ. ಮೊದಲ ಸಾಲು ಹೀಗಿದೆ: ಕುಂಬಳಕಾಯಿ ಹೆಚ್ಚುವ ಮೊದಲು ಇವರು ಕೈಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಎರಡು ಮಡಿಕೆ ಮಾಡಿ ಮಣೆಯ ಕೆಳಗೆ ಹಾಸುತ್ತಾರೆ.

ಚಕ್ರತಾಳ ಅವರು ಹೇಳಿದಂತೆ ವಾದಕ್ಕೂ ಕುಳಿತೆವು. ಪಾತ್ರ ವಹಿಸಿದವರು ನಮ್ಮ ಲೇತ್ ಕೆಲಸದ ಹಿರಿಯರು. ಮನೆಗಳಿಗೆ ನಮ್ಮ ಜೊತೆ ಬಂದಿದ್ದರು, ಎಲ್ಲವನ್ನೂ ಗಮನಿಸಿದ್ದರು. ನಾನು ಹಿಡಿಕಟ್ಟು ಹಾಕೋಣ, ತಿರುಪು ತಿರುಗಿಸಿ ಕಟ್ಟೆಗೆ ಬಿಗಿಯೋಣ ಎಂದೆ. ಅವರು, ಕೈ ತುಂಬ ಬದನೆಕಾಯಿ ಹಿಡಿದುಕೊಂಡು ತಿರುಪು ತಿರುಗಿಸಲಾರೆ ಎಂದರು. ಮಣೆಗೆ ಕಬ್ಬಿಣದ ತೂಕ ಸೇರಿಸೋಣ ಎಂದೆ. ದಿನಾ ಎತ್ತಿ ತೊಳೆಯುವವಳು ನಾನು ಎಂದರು. ಹಾಗಾದರೆ ತೂಕ ಎಲ್ಲಿಂದ ತರಲಿ ಎಂದು ನನಗೆ ಸ್ವಲ್ಪ ಸಿಟ್ಟೇ ಬಂತು. ಅವರು ಸುಮ್ಮನೆ ಕೂತಿದ್ದು, ಆಮೇಲೆ ಹೇಳಿದರು: ಹೆಚ್ಚಿದ ಬದನೆಕಾಯಿ ಕಪ್ಪಾಗದಿರಲೆಂದು ನೀರಿನ ಪಾತ್ರೆಗೆ ಹಾಕುತ್ತೇನಲ್ಲ, ಆ ಪಾತ್ರೆಯನ್ನು ಮಣೆಯ ಮೇಲೆ ಇಡುತ್ತೇನೆ.

ಯಾರೂ ಮಾತನಾಡಲಿಲ್ಲ. ಒಬ್ಬರು ಎದ್ದು ಹೋಗಿ ತಗಡು ಕತ್ತರಿಸಿ ತಂದರು.

ಈಗಿನ ಮಾದರಿ ಹೀಗಿದೆ. ಹೆಚ್ಚುವವರ ಕಡೆ, ಮೊದಲು ಪಾದ ಊರುತ್ತಿದ್ದ ಜಾಗದಲ್ಲಿ, ಅಗಲವಾದ ತಗ್ಗು ಪಾತ್ರೆ ಕೂರುವ ಅಂಚು. ಹೋಳುಗಳು ನೇರವಾಗಿ ನೀರಿಗೆ ಬೀಳುತ್ತವೆ. ಹೆಚ್ಚುತ್ತ ಹೋದಂತೆ ತೂಕ ಏರುತ್ತದೆ, ಹಿಂಭಾಗ ಏಳುವುದಿಲ್ಲ. ಮುಂದಕ್ಕೆ ಜಾರದಿರಲು ಮಣೆಯ ತುದಿ ಕೆಳಕ್ಕೆ ಬಾಗಿ ಕಟ್ಟೆಯ ಅಂಚಿಗೆ ಕೊಕ್ಕೆಯಂತೆ ಕಚ್ಚಿಕೊಳ್ಳುತ್ತದೆ. ಗ್ರಾನೈಟಿನ ಅಂಚನ್ನು ಗುಂಡಾಗಿ ಉಜ್ಜಿಸಿರುವ ಕಟ್ಟೆಗಳಲ್ಲಿ ಕೊಕ್ಕೆ ಸರಿಯಾಗಿ ಕೂರುತ್ತಿಲ್ಲ. ಅಲ್ಲಿ ರಬ್ಬರಿನ ಪಟ್ಟಿ ಅಂಟಿಸಿ ನೋಡುತ್ತಿದ್ದೇವೆ.

ಕಾಯಿ ತುರಿಯುವುದು ಮಾತ್ರ ಇನ್ನೂ ಬಗೆಹರಿದಿಲ್ಲ. ತುರಿ ಒಣಗಿರಬೇಕು, ಪಾತ್ರೆಯಲ್ಲಿ ನೀರು ಇಡುವಂತಿಲ್ಲ. ಒತ್ತಡವೂ ಹೆಚ್ಚು.

ಸರಾಸರಿ ಬೇಡ · ಅದೇ ದಿನ

ಹನ್ನೊಂದು ಮನೆಗಳ ಕಟ್ಟೆಯ ಎತ್ತರ ಅಳೆದಿದ್ದೀರಾ? ಅಳೆದಿದ್ದರೆ ಸರಾಸರಿ ಬೇಡ, ಹನ್ನೊಂದನ್ನೂ ಇಲ್ಲಿ ಹಾಕಿ. ನಿಂತು ಹೆಚ್ಚುವವರ ಎತ್ತರದ ಜೊತೆ ಇಟ್ಟು ನೋಡಬೇಕು.

ಒಗ್ಗರಣೆ · ಅದೇ ದಿನ ರಾತ್ರಿ

ಪಾತ್ರೆಯ ವಿಷಯ ಓದಿ ಸಂತೋಷವಾಯಿತು. ಆ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ.

ಬರುವ ಭಾನುವಾರ ಒಂದು ಉಪನಯನದ ಅಡುಗೆ ಇದೆ. ನಲವತ್ತು ಕಾಯಿ ತುರಿಯಬೇಕು. ನಾನು ಮತ್ತು ನನ್ನ ಓರಗಿತ್ತಿ ಬೆಳಗಿನ ಐದಕ್ಕೆ ಶುರು ಮಾಡುತ್ತೇವೆ. ನಿಮ್ಮ ಮಣೆಯನ್ನು ತೆಗೆದುಕೊಂಡು ಬನ್ನಿ, ಆ ಹಿರಿಯರನ್ನೂ ಕರೆದುಕೊಂಡು ಬನ್ನಿ. ಹತ್ತು ಕಾಯಿ ನಾನು ತುರಿಯುತ್ತೇನೆ, ಹತ್ತು ಕಾಯಿ ಅವರು ತುರಿಯಲಿ. ತಿಂಡಿ ನಮ್ಮಲ್ಲಿಯೇ ಆಗಲಿ.